ಹಿಂದಿನ ಸೀಟಿನವರು

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ, ಮನೆಯ ರೂಢಿಯೇ ಹಾಗಿತ್ತು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹಾಲಿನವನು ಬಂದರೆ ಆಯಿ ಒಂದು ಹನಿಯನ್ನು ಉಗುರಿನ ಮೇಲೆ ನಿಲ್ಲಿಸಿ, ಅದು ಎಷ್ಟು ಬೇಗ ಜಾರುತ್ತದೆ ಎಂದು ನೋಡಿದ ಮೇಲೆಯೇ ಪಾತ್ರೆ ಒಡ್ಡುತ್ತಿದ್ದಳು. ಆಯಿ ಹಸನು ಮಾಡಿಟ್ಟ ಜೋಳವನ್ನು ಅವ್ವ ಇನ್ನೊಮ್ಮೆ ಮೊರಕ್ಕೆ ಹಾಕುತ್ತಿದ್ದಳು. ಒಂದು ಹರಳು ಸಿಕ್ಕರೂ ಅದನ್ನು ಎಸೆಯದೆ, ಆಯಿಯ ಕಣ್ಣಿಗೆ ಬೀಳುವಂತೆ ಒಲೆಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಅಪ್ಪನಿಗೆ ಸುರಪುರದ ಬಜಾರದಲ್ಲಿ ಬೀಜ, ಗೊಬ್ಬರ ಮತ್ತು ಹತ್ತಿಯ ಹುಳಕ್ಕೆ ಹೊಡೆಯುವ ಎಣ್ಣೆಯ ಅಂಗಡಿ ಇತ್ತು. ತಾನು ಮಾರುವ ಬೀಜವನ್ನೇ ಆತ ನಂಬುತ್ತಿರಲಿಲ್ಲ. ಚೀಲ ಚೀಲದಿಂದ ಒಂದೊಂದು ಹಿಡಿ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ, ಬಚ್ಚಲ ಮೂಲೆಯಲ್ಲಿಟ್ಟು ಮೊಳಕೆ ಕಾಯುತ್ತಿದ್ದ. ನಾವು ಆ ಗೋಣಿ ಗಂಟುಗಳನ್ನು ದಾಟಿಕೊಂಡೇ ಸ್ನಾನ ಮಾಡಬೇಕಿತ್ತು. ಈ ಮೂವರ ನಡುವೆ ಬೆಳೆದವಳು ನಾನು. ಇವತ್ತಿಗೂ ಹೋಟೆಲಿನಲ್ಲಿ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಕುಡಿಯುವುದಿಲ್ಲ. ನನ್ನ ಗಂಡ ನಗುತ್ತಾನೆ, ನಗಲಿ.

ಇಂಥ ಮನೆಗೆ ಕಾರು ಬಂತು. ಕೆನಾಲಿಗೆ ನೀರು ಬಿಟ್ಟು ಕೆಲವು ವರ್ಷಗಳಾಗಿದ್ದವು. ಹುಣಸಗಿ ಕಡೆಯ ಹೊಲಗಳಲ್ಲಿ ಜೋಳ ಹೋಗಿ ಭತ್ತ, ಹತ್ತಿ ಬಂದಿದ್ದವು. ಆಂಧ್ರದಿಂದ ಬಂದ ರೈತರು ಕಾಲುವೆಯ ಪಕ್ಕದಲ್ಲೇ ಮನೆ ಕಟ್ಟಿಕೊಂಡು ನೆಲೆಸಿದ್ದರು. ಆ ಕೇರಿಗಳಿಗೆ ನಮ್ಮವರು ಕ್ಯಾಂಪ್ ಎನ್ನುತ್ತಿದ್ದರು. ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗಿ ಬೀಜ ಮುಟ್ಟಿಸುವುದಕ್ಕೆ ಅಪ್ಪನಿಗೆ ಗಾಡಿ ಬೇಕಾಗಿತ್ತು. ಭೀಮರಾಯನಗುಡಿಯಲ್ಲಿದ್ದ ಒಬ್ಬ ಕಾಲುವೆ ಇಂಜಿನಿಯರ್ ವರ್ಗವಾಗಿ ಹೋಗುವಾಗ ತಮ್ಮ ಕಾರನ್ನು ಅಪ್ಪನಿಗೆ ಮಾರಿ ಹೋದರು. ಅದು ಫ್ರಾನ್ಸ್ ದೇಶದವರ ಕಾರಂತೆ. ಊರಲ್ಲಿದ್ದ ಜೀಪುಗಳ ಪಕ್ಕದಲ್ಲಿ ಅದು ಗಿಡ್ಡಗೆ, ಬೆಳ್ಳಗೆ ಇತ್ತು. ಹಿಂದಿನ ಬಾಗಿಲು ಮೇಲಕ್ಕೆ ಎತ್ತಿಕೊಳ್ಳುತ್ತಿತ್ತು. ಹಿಂದಿನ ಸೀಟು ಮಡಚಿದರೆ ಹತ್ತು ಚೀಲ ಬೀಜ ನಿರಾಳವಾಗಿ ಹಿಡಿಸುತ್ತಿತ್ತು. ಚಾವಿ ತಿರುವಿದೊಡನೆ ಅದು ಚಾಲೂ ಆಗುತ್ತಿರಲಿಲ್ಲ. ಮುಂದೆ ಒಂದು ಹಳದಿ ದೀಪ ಹತ್ತುತ್ತಿತ್ತು, ಅದು ಆರುವವರೆಗೂ ಕಾಯಬೇಕು. ಸ್ಟೆಪ್ನಿಯನ್ನು ಡಿಕ್ಕಿಯೊಳಗಲ್ಲ, ಗಾಡಿಯ ಹೊಟ್ಟೆಯ ಕೆಳಗೆ ಕಬ್ಬಿಣದ ಪಂಜರದಲ್ಲಿ ಇಟ್ಟಿದ್ದರು. ಆಯಿ ಮೊದಲ ದಿನವೇ ಮೊಣಕಾಲೂರಿ ಬಗ್ಗಿ ಅದನ್ನು ನೋಡಿದಳು.

"ಹೊಟ್ಟಿ ಕೆಳಗ ಗಾಲಿ ಮುಚ್ಚಿಟ್ಟಾರ. ಇನ್ನ ಏನೇನ್ ಮುಚ್ಚಿಟ್ಟಾರೊ ಯಾರಿಗ್ಗೊತ್ತು. ಇಷ್ಟ ಚೊಲೊ ಗಾಡಿ ಆದ್ರ ಅಂವ ಯಾಕ ಮಾರ್ದ? ಕೇಳಿದಿ?"

"ವರ್ಗ ಆಗ್ಯಾದ ಬೇ ಅವ್ರಿಗಿ," ಎಂದ ಅಪ್ಪ.

"ವರ್ಗ ಆದ್ರ ಹೆಂಡ್ತಿ ಮಕ್ಕಳ್ನ ಕರ್ಕೊಂಡು ಹೋಗ್ಯಾನಿಲ್ಲೊ? ಗಾಡಿ ಒಂದ ಯಾಕ ಬಿಟ್ಟು ಹೋದ?"

ಅಪ್ಪ ಅರಿವೆ ತಂದು ಗಾಡಿಯ ಗಾಜು ಒರೆಸತೊಡಗಿದ. ಊರಿನ ಸಂಶಯ ಬೇರೆಯೇ ಇತ್ತು. ಖೊಟ್ಟಿ ಬೀಜ ಮಾರಿಯೇ ಕಾರು ತಂದಿದ್ದಾನೆ ಎಂದು ನಮ್ಮ ಓಣಿಯ ನಲ್ಲಿಯ ಮುಂದೆ ಮಾತಾಡಿಕೊಂಡರು. ನಾನು ಕೊಡ ಹಿಡಿದು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಮಾತು ನಿಂತರೆ ಅದು ನಮ್ಮದೇ ಮಾತು ಎಂದು ತಿಳಿಯುವಷ್ಟು ಬುದ್ಧಿ ನನಗೆ ಆಗಲೇ ಬಂದಿತ್ತು.

ಕಾರಿನಲ್ಲಿ ಯಾರು ಎಲ್ಲಿ ಕೂಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ಪಡಸಾಲೆಯಲ್ಲಿ ಗಂಡಸರು, ಅಡುಗೆಮನೆಯ ಕಡೆ ಹೆಂಗಸರು ಎನ್ನುವುದು ಹೇಗೆ ಇತ್ತೋ, ಇದೂ ಹಾಗೆಯೇ ಆಯಿತು. ಮುಂದಿನ ಸೀಟು ಗಂಡಸರದು. ರೈತರೋ, ಅಂಗಡಿಗೆ ಬಂದ ಏಜೆಂಟರೋ, ದಾರಿಯಲ್ಲಿ ಕೈ ಮಾಡಿದ ಪರಿಚಯದವರೋ ಅಲ್ಲಿ ಕೂಡುತ್ತಿದ್ದರು. ಗಂಡಸರು ಯಾರೂ ಇಲ್ಲದ ದಿನ ಆ ಸೀಟಿನ ಮೇಲೆ ಎಣ್ಣೆ ಡಬ್ಬಿಗಳ ರಟ್ಟಿನ ಖೋಕಾ ಇರುತ್ತಿತ್ತು. ಅವ್ವ, ಆಯಿ, ನಾನು ಯಾವಾಗಲೂ ಹಿಂದೆ. ಅವ್ವ ಖೋಕಾ ಇಳಿಸಿ ಅಪ್ಪನ ಪಕ್ಕ ಕೂತದ್ದನ್ನು ನಾನು ನೋಡಲಿಲ್ಲ. ಅಪ್ಪ ಹಿಂದೆ ಕೂತದ್ದನ್ನಂತೂ ಯಾರೂ ನೋಡಿರಲಿಲ್ಲ.

ಅವ್ವ ಹುಣಸಗಿ ದಾರಿಯ ಒಂದು ಹಳ್ಳಿಯಲ್ಲಿ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದಳು. ನನ್ನನ್ನೂ ತನ್ನ ಶಾಲೆಗೇ ಹಾಕಿಕೊಂಡಿದ್ದಳು. ಕಾರು ಬರುವ ಮೊದಲು ನಾವಿಬ್ಬರೂ ಬಸ್ಸಿಗೆ ಹೋಗಿ ಬರುತ್ತಿದ್ದೆವು. ಸಂಜೆಯ ಬಸ್ಸು ದಿನಕ್ಕೊಂದು ಹೊತ್ತಿಗೆ ಬರುತ್ತಿತ್ತು. ನಾವು ತಡವಾಗಿ ಮನೆ ಸೇರಿದ ದಿನ ಅಪ್ಪ ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಕೇಳುತ್ತಿದ್ದ.

"ಐದರ ಬಸ್ಸು ಆರೂವರಿಗಿ ಯಾಕ ಬರ್ತದ?"

"ಡ್ರೈವರ್‌ಗ ಕೇಳ್ರಿ," ಎಂದು ಅವ್ವ ಪುಂಡಿಪಲ್ಲೆ ಬಡಿಸುತ್ತಿದ್ದಳು.

ಹಾಗಾಗಿ ಕಾರು ಬಂದ ವಾರವೇ ಅಪ್ಪ, ಬಸ್ಸಿನ ಗದ್ದಲ ಯಾಕೆ, ಹೇಗೂ ತಾನು ಆ ಕಡೆಯ ಕ್ಯಾಂಪುಗಳಿಗೆ ಹೋಗುವವನೇ, ತಾನೇ ಬಿಟ್ಟು ತಾನೇ ಕರೆತರುತ್ತೇನೆ ಎಂದ. ಮೊದಲ ದಿನ ಶಾಲೆಯ ಮುಂದೆ ಗಾಡಿ ನಿಂತಾಗ ಅವ್ವ ಬಾಗಿಲಿನ ಹಿಡಿ ಎಳೆದಳು. ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಎಳೆದಳು. ನನ್ನ ಕಡೆಯದೂ ತೆರೆಯಲಿಲ್ಲ. ತಲೆ ಎತ್ತಿದರೆ ಅಪ್ಪ ಮುಂದಿನ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ಇಳಿದು ಬಂದು ಹೊರಗಿನಿಂದ ಬಾಗಿಲು ತೆರೆದ. ಅವ್ವ ಸೆರಗು ಸರಿ ಮಾಡಿಕೊಂಡು ಇಳಿದು ಹೋದಳು. ಹೋಗುತ್ತ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅವತ್ತಿನಿಂದ ಅವಳು ಆ ಹಿಡಿಯನ್ನು ಮುಟ್ಟಲಿಲ್ಲ. ಗಾಡಿ ನಿಂತರೆ ಮಡಿಲಲ್ಲಿ ಕೈ ಇಟ್ಟುಕೊಂಡು ನೇರ ನೋಡುತ್ತ ಕೂಡುತ್ತಿದ್ದಳು. ಅಪ್ಪ ಸುತ್ತಿ ಬಂದು ಬಾಗಿಲು ತೆಗೆಯುತ್ತಿದ್ದ. ಸಂಜೆ ಶಾಲೆ ಬಿಡುವುದಕ್ಕೆ ಹತ್ತು ನಿಮಿಷ ಮೊದಲೇ ಬಂದು ಗೇಟಿನ ಎದುರು ಗಾಡಿ ನಿಲ್ಲಿಸಿಕೊಂಡು ಯಾರು ಯಾರು ಹೊರಗೆ ಬರುತ್ತಾರೆ ಎಂದು ನೋಡುತ್ತಿದ್ದ. ಇದು ಎರಡು ವರ್ಷ ನಡೆಯಿತು.

ಮಕ್ಕಳಿರುವವರು ಹಿಂದಿನ ಬಾಗಿಲು ಒಳಗಿನಿಂದ ತೆರೆಯದ ಹಾಗೆ ಮಾಡಿಡಬಹುದು, ಅದಕ್ಕೆ ಬಾಗಿಲಿನ ಅಂಚಿನಲ್ಲಿ ಒಂದು ಚಿಕ್ಕ ಕೀಲು ಇರುತ್ತದೆ ಎಂಬುದು ಇವತ್ತು ಎಲ್ಲರಿಗೂ ಗೊತ್ತು. ಆ ಇಂಜಿನಿಯರರಿಗೆ ಇಬ್ಬರು ಚಿಕ್ಕ ಮಕ್ಕಳಿದ್ದರು. ನಮಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು? ಆಯಿ ಅದನ್ನು ಆ ದೇಶದ ಪದ್ಧತಿ ಎಂದುಕೊಂಡಳು. ಹೆಂಗಸರು ತಾವಾಗಿ ಇಳಿಯಬಾರದು ಅಂತ ಆ ಊರಿನ ಗಂಡಸರು ಹಾಗೆ ಮಾಡಿಸಿದ್ದಾರೆ, ಎಲ್ಲ ಕಡೆಯ ಗಂಡಸರೂ ಒಂದೇ ಎಂದು ಅಪ್ಪನಿಲ್ಲದಾಗ ನಮ್ಮ ಮುಂದೆ ಬೈದಳು. ನಾನು ಒಮ್ಮೆ ಕಿಟಕಿಯಿಂದ ಕೈ ಹಾಕಿ ಹೊರಗಿನ ಹಿಡಿಯನ್ನು ಎಟುಕಿಸಿಕೊಳ್ಳಲು ನೋಡಿದೆ. ಹಿಂದಿನ ಗಾಜು ಅರ್ಧಕ್ಕೇ ನಿಲ್ಲುತ್ತಿತ್ತು, ಕೈ ಮುಟ್ಟಲಿಲ್ಲ. ಅವ್ವ ನನ್ನ ತೋಳಿಗೆ ಒಂದು ಏಟು ಹಾಕಿದಳು.

"ಕೈ ಒಳಗ ತಗೋ. ನೋಡ್ದವ್ರು ಏನಂತಾರ, ಅಕ್ಕೋರ ಮಗಳು ಜೈಲಿನಾಗಿಂದ ಕೈ ಚಾಚ್ಯಾಳ ಅಂತಾರ."

ಅವಳು ಏನೆಂದುಕೊಂಡಿದ್ದಾಳೆ ಎಂದು ನನಗೆ ಗೊತ್ತಾದದ್ದು ಆ ಮಾತಿನಿಂದ. ಅಪ್ಪ ಏನೆಂದುಕೊಂಡಿದ್ದಾನೆ ಎಂದು ಗೊತ್ತಾದದ್ದು ಅಂಗಡಿಯಲ್ಲಿ. ಚೀಲಗಳ ಹಿಂದೆ ಕೂತು ಬರೆಯುತ್ತಿದ್ದೆ. ಅಪ್ಪ ಒಬ್ಬ ರೈತನ ಜೊತೆ ಚಹಾ ಕುಡಿಯುತ್ತ ನಗುತ್ತಿದ್ದ.

"ನಮ್ಮಾಕಿ ಈಗ ದೊಡ್ಡ ಮೇಡಮ್ಮೋರು ಆಗ್ಯಾಳ್ರಿ. ನಾ ಇಳದು ಹೋಗಿ ಬಾಗ್ಲ ತಗದ್ರನ ಕೆಳಗ ಕಾಲಿಡ್ತಾಳ. ಕೈ ಸುತಾ ಎತ್ತಂಗಿಲ್ಲ. ನೌಕರಿ ಬಂದ್ರ ಹೆಣಮಕ್ಕಳ ತಲಿ ಹಿಂಗ ತಿರಗತದ ನೋಡ್ರಿ."

ಹೀಗೆ ಎರಡೂ ಕಡೆಯ ಸಂಶಯ ತಿಳಿದಿದ್ದವಳು ಇಡೀ ಮನೆಯಲ್ಲಿ ನಾನೊಬ್ಬಳೇ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎಂದು ಹೇಳಿಕೊಳ್ಳಬಹುದು, ಆದರೆ ಅದು ಸುಳ್ಳು. ದೊಡ್ಡವರಿಗೆ ತಿಳಿಯದ್ದು ನನಗೆ ತಿಳಿದಿದೆ ಎಂಬ ಖುಷಿ ಅದು. ಕಿಸೆಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ ಅದನ್ನು ಇಟ್ಟುಕೊಂಡಿದ್ದೆ. ಆ ಖುಷಿಯ ಬಗ್ಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಎರಡನೆಯ ವರ್ಷದ ಶ್ರಾವಣ ಕಳೆದ ಮೇಲೆ ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಅವ್ವ ನಾಲ್ಕು ದಿನ ಕೂತು ಚಾರ್ಟುಗಳನ್ನು ಬರೆದಿದ್ದಳು. ಹಿಂದಿನ ಸಂಜೆ ಅಪ್ಪನಿಗೆ ಹೇಳಿದ್ದಳು, ಬೆಳಿಗ್ಗೆ ಕಾರು ಹತ್ತುವಾಗಲೂ ಹೇಳಿದಳು. ದಾರಿಯಲ್ಲಿ ಒಂದು ಕ್ಯಾಂಪಿನ ಹತ್ತಿರ ರೈತನೊಬ್ಬ ಕೈ ಮಾಡಿದ. ತಾನು ಒಯ್ದ ಎಣ್ಣೆ ಹೊಡೆದರೂ ಹುಳ ಸತ್ತಿಲ್ಲ, ಬಂದು ನೋಡು ಎಂದ. ಅಪ್ಪ ಐದು ನಿಮಿಷ ಎಂದು ಹೇಳಿ ಇಳಿದು ಹತ್ತಿ ಸಾಲುಗಳ ನಡುವೆ ಹೋದ. ಐದಾಯಿತು, ಹದಿನೈದಾಯಿತು. ಬಿಸಿಲು ಏರಿತು. ಮುಂದಿನ ಸೀಟಿನ ಖೋಕಾದಿಂದ ಎಣ್ಣೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಅವ್ವನ ಮಡಿಲಲ್ಲಿ ಚಾರ್ಟಿನ ಸುರುಳಿ ಇತ್ತು. ನಾನು ಸಣ್ಣವಳು, ಎರಡು ಸೀಟಿನ ನಡುವಿನಿಂದ ನುಸುಳಿ ಮುಂದಕ್ಕೆ ಹೋಗಿ ಅಪ್ಪನ ಬಾಗಿಲಿನಿಂದ ಇಳಿಯಬಹುದಿತ್ತು. ಹೋಗಿ ಕರೆಯಲೇ ಎಂದು ಕೇಳಿದೆ. ಅವ್ವ ನನ್ನ ಮಣಿಕಟ್ಟು ಹಿಡಿದು ಕೂಡಿಸಿದಳು.

"ಬ್ಯಾಡ. ಎಷ್ಟೊತ್ತು ಕೂಡಸ್ತಾನ ನೋಡೂಣು."

"ಇನ್ಸ್‌ಪೆಕ್ಟರ್ ಬರ್ತಾರಲ್ಲಬೇ?"

"ಬರ್ಲಿ. ನನಗ ಇದ ಗೊತ್ತಾಗಬೇಕು."

ಅವ್ವನ ಈ ಹಠ ನನಗೆ ಅರ್ಥವಾಗಲು ಬಹಳ ವರ್ಷ ಬೇಕಾದವು. ಸಂಶಯ ಬಂದವರಿಗೆ ಪಾರಾಗುವುದಕ್ಕಿಂತ ಸಾಕ್ಷಿ ಸಿಗುವುದು ಮುಖ್ಯವಾಗುತ್ತದೆ. ಅಪ್ಪ ದೂರದಲ್ಲಿ ಹತ್ತಿ ಎಲೆ ತಿರುವುತ್ತ ಆಗಾಗ ಕಾರಿನ ಕಡೆ ನೋಡುತ್ತಿದ್ದ. ಒಂದು ತಾಸಿನ ಮೇಲೆ ಬಂದು ಚಾವಿ ತಿರುವಿ, ಹಳದಿ ದೀಪ ಆರುವುದನ್ನು ಕಾಯುತ್ತ, ಕನ್ನಡಿಯಲ್ಲಿ ನೋಡಿ ಅಂದ.

"ತಡಾ ಆಗತದ ಅಂದ್ರ ಇಳದು ಬಂದು ಕರೀಬೇಕಿತ್ತಪ. ಅಷ್ಟೂ ಆಗಂಗಿಲ್ಲೇನು ನಿನಗ?"

ಅವ್ವ ಚಾರ್ಟಿನ ಸುರುಳಿಗೆ ದಾರ ಬಿಗಿದಳು. ನಾವು ಹೋಗುವಷ್ಟರಲ್ಲಿ ಇನ್ಸ್‌ಪೆಕ್ಟರು ಅವಳ ತರಗತಿಯನ್ನು ನೋಡಿ, ಅಕ್ಕೋರು ಇಲ್ಲ ಎಂದು ಬರೆದು, ಕಾರಣ ಬರೆದು ಕೊಡಬೇಕೆಂದು ಹೇಳಿ ಮುಂದಿನ ಊರಿಗೆ ಹೋಗಿದ್ದರು. ಏನಂತ ಬರೆಯಬೇಕು? ಗಂಡ ಕಾರಿನಲ್ಲಿ ಕೀಲಿ ಹಾಕಿದ್ದ ಎಂದೇ? ಅವ್ವ ಅವತ್ತು ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯದೆ, ಹಿಟ್ಟಿನ ಡಬ್ಬಿಯ ಮೇಲೆ ಹಾಳೆ ಇಟ್ಟುಕೊಂಡು ಬೇರೆಯೇ ಬರೆದಳು. ನೌಕರಿ ಬಿಡುವ ಅರ್ಜಿ. ಸೋಮವಾರ ಕೊಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಉಪ್ಪಿನಕಾಯಿ ಭರಣಿಯ ಕೆಳಗೆ ಸಿಕ್ಕಿಸಿದಳು. ಆಯಿಗೆ ಒಳಗೊಳಗೇ ಸಮಾಧಾನವಾಯಿತು, ಮನೆಯಲ್ಲಿ ಸೊಸೆ ಇರುತ್ತಾಳೆ ಅಂತ. ಅಪ್ಪ ಬೇಡ ಎನ್ನುತ್ತಾನೆ ಎಂದು ನಾನು ಕಾದೆ. ಅಪ್ಪ ಉಪ್ಪಿನಕಾಯಿ ಕೇಳಿದ, ಹಾಕಿಸಿಕೊಂಡ, ಉಂಡು ಎದ್ದು ಹೋದ. ಅವ್ವ ಆ ನೌಕರಿಗಾಗಿ ಯಾದಗಿರಿಯಲ್ಲಿ ಬೇರೆಯವರ ಮನೆಯಲ್ಲಿದ್ದು ಓದಿದವಳು. ನನಗೆ ಆ ವಾರವೆಲ್ಲ ಊಟ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ರವಿವಾರ ಅವ್ವನ ತಮ್ಮ ಶಹಾಪುರದಿಂದ ಬಂದರು. ಮಾವನಿಗೆ ಅಲ್ಲಿ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇತ್ತು. ಸುರಪುರದ ಗಿರಾಕಿಗೆ ಕೊಡಬೇಕಾದ ಒಂದು ಮೋಟಾರು ತಂದಿದ್ದರು. ಅಪ್ಪ ಬಸ್‌ಸ್ಟ್ಯಾಂಡಿಗೆ ಹೋಗಿ ಅವರನ್ನು ಕರೆತಂದ. ಡಿಕ್ಕಿಯ ತುಂಬ ಗೊಬ್ಬರದ ಚೀಲಗಳಿದ್ದವು. ತಂತಿಗೆ ಬಳಿದ ವಾರ್ನಿಶ್ ಇನ್ನೂ ಹಸಿಯಿದೆ ಎಂದು ಮಾವ ಮೋಟಾರನ್ನು ಮುಂದಿನ ಸೀಟಿನ ಮೇಲೆ ಇಟ್ಟು, ತಾವು ಹಿಂದೆ ಕೂತಿದ್ದರು. ಮನೆಯ ಮುಂದೆ ಗಾಡಿ ನಿಂತಿತು. ನಾನು, ಅವ್ವ, ಆಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದೆವು. ಅಪ್ಪ ಇಳಿದು ನೇರ ಮನೆಯೊಳಗೆ ಹೊರಟ. ಹಿಂದೆ ಕೂತವರು ಗಂಡಸರು, ಇಳಿದು ಬರುತ್ತಾರೆ ಎಂದುಕೊಂಡಿರಬೇಕು. ಒಳಗಿನಿಂದ ಹಿಡಿ ಎಳೆಯುವ ಸದ್ದು ಕೇಳಿತು. ಆಮೇಲೆ ಅರ್ಧ ಗಾಜಿನ ಮೇಲಿಂದ ಮಾವನ ಮುಖ ಕಂಡಿತು.

"ಏ ಭಾವಾ, ಇದ್ಯಾಕ ತೆರಿಯಂಗಿಲ್ಲೊ?"

"ಎಳಿಯೊ, ಗಟ್ಟ್ಯಾಗಿ ಎಳಿ."

"ಎಳದು ಕೈ ನೋಯಾಕತ್ಯಾದ. ಕೀಲಿ ಹಾಕಿದಿಯೇನು?"

ಅಪ್ಪ ತಿರುಗಿ ಬಂದು ಹೊರಗಿನಿಂದ ತೆರೆದ. ಮಾವ ಇಳಿದು ಬಾಗಿಲನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದರು. ಅವ್ವ ಮೊರ ಕೆಳಗಿಟ್ಟು ನಿಂತಳು.

"ಎರಡು ವರ್ಷ ಆತು," ಎಂದಳು ತಮ್ಮನಿಗೆ. "ಎರಡು ವರ್ಷದಿಂದ ನಾ ಹಂಗ ಕುಂತು ಹೋಗಿ ಬರಾಕತ್ತೀನಿ."

ಮಾವ ಸಿಟ್ಟಿನವರು.

"ಏನಪಾ, ನಮ್ಮಕ್ಕನ್ನ ಕೀಲಿ ಹಾಕಿ ತಿರಗಸ್ತಿಯೇನು? ಕಳ್ಳಿ ಏನು ಆಕಿ?"

"ನನಗ ಗೊತ್ತೇ ಇಲ್ಲೊ ಮಾರಾಯಾ! ಆಕಿ ಸೊಕ್ಕಿಗಿ ಇಳಿಯಂಗಿಲ್ಲ ಅಂತ ತಿಳ್ಕೊಂಡಿದ್ದೆ ನಾ. ಬೇಕಾದ್ರ ನಾನ ಕುಂತು ನೋಡ್ತೀನಿ ತಡಿ."

ಅಪ್ಪ ಹಿಂದಿನ ಸೀಟಿಗೆ ಹೋಗಿ ಕೂತ. ಬಾಗಿಲು ಹಾಕಿದವಳು ಅವ್ವ. ಅಪ್ಪ ಹಿಡಿ ಎಳೆದ, ಮತ್ತೆ ಎಳೆದ, ಭುಜ ಕೊಟ್ಟು ತಳ್ಳಿದ. ಗಾಜಿನ ಹಿಂದೆ ಅವನ ಮುಖ ಕೆಂಪಗಾಗಿತ್ತು. ಅವ್ವನ ಕೈಗೆ ಹೊರಗಿನ ಹಿಡಿ ಸಿಗುವಷ್ಟು ಹತ್ತಿರವಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಸುಮ್ಮನೆ ನಿಂತು ನೋಡಿದಳು. ಓಣಿಯಲ್ಲಿ ಹೋಗುವವರು ನಿಂತರು. ಕೊನೆಗೆ ಆಯಿಗೆ ತಡೆಯಲಾಗಲಿಲ್ಲ, ಮಗನಲ್ಲವೇ, ಎದ್ದು ಬಂದು ಬಾಗಿಲು ತೆರೆದಳು. ನನಗೆ ಆಗ ಅಪ್ಪನ ಮೇಲೆ ಕನಿಕರ ಉಕ್ಕಿತು. ಪಾಪ, ನಿಜವಾಗಿಯೂ ಗೊತ್ತಿರಲಿಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಅವ್ವನ ಮುಖವೂ ಸ್ವಲ್ಪ ಸಡಿಲಾಗಿತ್ತು. ಎರಡು ವರ್ಷದಲ್ಲಿ ನಾನು ಕಾಣದಿದ್ದ ಮುಖ ಅದು.

ಮಾವ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಮೊಣಕಾಲೂರಿ ಕೂತರು. ಒಳಗಿನ ಹಿಡಿಯ ಸ್ಕ್ರೂ ಬಿಚ್ಚಿದರು, ಇಣುಕಿದರು, ತಂತಿ ಹರಿದಿರಬೇಕು, ಪೂರಾ ಹಲಗೆ ಬಿಚ್ಚಬೇಕು ಎಂದರು. ಹೀಗೆ ಬಹಳ ಹೊತ್ತಾಯಿತು. ಅಪ್ಪ ಬೆವರು ಒರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದ.

"ಅದಲ್ಲೊ, ಸರಿ ಅತ್ಲಾಗ," ಎಂದ.

ತೆರೆದ ಬಾಗಿಲಿನ ಅಂಚಿಗೆ ಕೈ ಹಾಕಿದ. ಬಗ್ಗಲಿಲ್ಲ, ನೋಡಲಿಲ್ಲ, ತಡಕಲಿಲ್ಲ. ಹೆಬ್ಬೆರಳು ಸೀದಾ ಕೀಲಿನ ಮೇಲೆ ಹೋಗಿ ಕೂತಿತು. ಟಕ್ ಎಂದಿತು. ಮಾವ ಒಳಗೆ ಕೂತು ಬಾಗಿಲು ಹಾಕಿಕೊಂಡು ಹಿಡಿ ಎಳೆದರು, ಬಾಗಿಲು ತೆರೆಯಿತು. ಅವರು ಚಿಕ್ಕ ಹುಡುಗನ ಹಾಗೆ ಇನ್ನೆರಡು ಸಲ ಮಾಡಿ ನೋಡಿ ನಕ್ಕರು. ನಾನು ಅವ್ವನನ್ನು ನೋಡಿದೆ. ಅವಳು ಬಾಗಿಲನ್ನು ನೋಡುತ್ತಿರಲಿಲ್ಲ, ಅಪ್ಪನ ಹೆಬ್ಬೆರಳನ್ನು ನೋಡುತ್ತಿದ್ದಳು. ಅಪ್ಪನಿಗೂ ಅದು ತಿಳಿಯಿತು. ಕೈ ತೊಳೆದುಕೊಳ್ಳುತ್ತೇನೆ ಎಂದು ಒಳಗೆ ಹೋದ. ಅವ್ವನ ಮುಖದ ಮೇಲೆ ಬಂದಿದ್ದ ಆ ಸಡಿಲು ಹೊರಟುಹೋಗಿತ್ತು. ಅವ್ವ ಅಡುಗೆಮನೆಗೆ ಹೋಗಿ ಭರಣಿಯ ಕೆಳಗಿನ ಅರ್ಜಿ ತೆಗೆದು ಒಲೆಗೆ ಹಾಕಿ, ತಮ್ಮನಿಗೆ ಚಹಾಕ್ಕಿಟ್ಟಳು.

ಅಪ್ಪನಿಗೆ ವಯಸ್ಸಾಗಿ, ಕಾರು ಯಾವಾಗಲೋ ಗುಜರಿಗೆ ಹೋಗಿ, ನಾನೂ ನಡುವಯಸ್ಸಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ. ಕೈ ಗೊತ್ತಿಲ್ಲದೆ ತಾನಾಗಿ ಅಲ್ಲಿಗೆ ಹೋಯಿತು ಎಂದು ಹೇಳಲಿ, ನಾನು ನಂಬಿಬಿಡುತ್ತೇನೆ ಎಂದು ಮನಸ್ಸು ಮಾಡಿಕೊಂಡೇ ಕೇಳಿದ್ದೆ.

"ಅಪ್ಪಾ, ಖರೇ ಹೇಳು. ನಿನಗ ಗೊತ್ತಿತ್ತಿಲ್ಲೊ?"

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ.

"ಒಂದ ಸಲ ಬಾಯಿ ಬಿಟ್ಟು ಕೇಳಿದ್ರ ತಗೀತಿದ್ನೆವಾ," ಎಂದ. "ಆಕಿ ಕೇಳಲೇ ಇಲ್ಲ."

ಮಾವ ಬಂದಿದ್ದ ರವಿವಾರದ ಮರುದಿನ, ಆ ಸೋಮವಾರ ಬೆಳಿಗ್ಗೆ, ಅಪ್ಪ ಎಂದಿಗಿಂತ ಬೇಗ ಎದ್ದು ಕಾರು ಚಾಲೂ ಮಾಡಿ, ಹಿಂದಿನ ಬಾಗಿಲನ್ನು ತೆರೆದು ಹಿಡಿದುಕೊಂಡು ನಿಂತಿದ್ದ. ಅವ್ವ ಬುತ್ತಿ ಚೀಲ ಹಿಡಿದು ಹೊರಗೆ ಬಂದಳು. ಕಾರನ್ನು ಸುತ್ತಿ ದಾಟಿ, ನನ್ನ ಕೈ ಹಿಡಿದು, ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಹುಣಸಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಹಿಂದಿನ ಗಾಜಿಗೆ ಒತ್ತಿಕೊಂಡು ನಿಂತಿದ್ದೆ. ಊರು ದಾಟಿ ಭತ್ತದ ಗದ್ದೆಗಳು ಶುರುವಾದಾಗ ನೋಡಿದರೆ ನಮ್ಮ ಬಿಳಿ ಕಾರು ಬಸ್ಸಿನ ಹಿಂದೆಯೇ ಬರುತ್ತಿತ್ತು. ಮುಂದೆ ಹೋಗಲು ಜಾಗ ಸಿಕ್ಕರೂ ಹೋಗಲಿಲ್ಲ. ಬಸ್ಸು ನಿಂತಲ್ಲಿ ನಿಲ್ಲುತ್ತಿತ್ತು, ಹೊರಟರೆ ಹೊರಡುತ್ತಿತ್ತು.

"ಅವ್ವಾ, ಅಪ್ಪ ಹಿಂದ ಬರಾಕತ್ಯಾನ."

"ಬರ್ಲಿ," ಎಂದಳು. ತಿರುಗಿ ನೋಡಲಿಲ್ಲ.

ಶಾಲೆಯ ಹಳ್ಳಿ ಬರುವ ಮೊದಲೇ ಅವಳು ಜನರನ್ನು ಸರಿಸಿಕೊಂಡು ಬಾಗಿಲಿಗೆ ಹೋಗಿ ನಿಂತಿದ್ದಳು. ಬಸ್ಸು ಪೂರಾ ನಿಲ್ಲುವುದಕ್ಕೂ ಕಾಯದೆ ಇಳಿದಳು. ನಾನು ಇಳಿದು ಹಿಂದೆ ನೋಡಿದೆ. ಧೂಳಿನಾಚೆ ಕಾರು ನಿಂತಿತ್ತು. ಅಪ್ಪ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ನಾವು ಶಾಲೆಯ ಗೇಟು ದಾಟುವುದನ್ನು ನೋಡುತ್ತ ಕೂತಿದ್ದ. ಇಳಿದು ಬಂದು ಒಂದು ಮಾತು ಆಡಲಿಲ್ಲ. ಅವನ ಕಡೆಯ ಬಾಗಿಲು ಯಾವತ್ತೂ ಒಳಗಿನಿಂದಲೇ ತೆರೆಯುತ್ತಿತ್ತು.